ಕಣ್ಣು ಉಜ್ಜಿಕೊಳ್ಳುವ ಸುಖ

ಕಣ್ಣು ಉಜ್ಜಿಕೊಳ್ಳುವುದರಲ್ಲಿ ಒಂದು ಸುಖ ಇದೆ. ಮೊದಲು ಅದನ್ನು ಒಪ್ಪಿಕೊಂಡು ಮುಂದೆ ಹೋಗೋಣ. "ಉಜ್ಜಬೇಡ, ಉಜ್ಜಬೇಡ" ಅಂತ ಬುದ್ಧಿ ಹೇಳುವವರಲ್ಲಿ ಹೆಚ್ಚಿನವರಿಗೆ ಅಲರ್ಜಿ ಇರುವುದಿಲ್ಲ. ಇರುವವರಿಗೆ ಗೊತ್ತು. ಮೂಗಿನ ಪಕ್ಕದ ಮೂಲೆಯಲ್ಲಿ ಸಣ್ಣಗೆ ಕಡಿತ ಶುರುವಾಗುತ್ತದೆ. ಮೊದಲು ಬೆರಳ ತುದಿ ಹೋಗುತ್ತದೆ. ಆಮೇಲೆ ಬೆರಳ ಗೆಣ್ಣು. ಕೊನೆಗೆ ಅಂಗೈಯನ್ನೇ ಒತ್ತಿ ಗರಗರ ತಿರುಗಿಸುವಾಗ ಸಿಗುವ ಹಿತ ಇದೆಯಲ್ಲ, ಅದಕ್ಕೆ ಸಾಟಿಯಿಲ್ಲ. ಕಣ್ಣುಗುಡ್ಡೆಯನ್ನು ಒತ್ತಿದರೆ ಹೃದಯದ ಬಡಿತ ಸ್ವಲ್ಪ ನಿಧಾನ ಆಗುತ್ತದೆ, ಇದನ್ನು ವೈದ್ಯರು 1908ರಲ್ಲೇ ಬರೆದಿಟ್ಟಿದ್ದಾರೆ. ಹಾಗಾಗಿ ಆ ಹಿತ ಬರೀ ಭ್ರಮೆ ಅಂತ ನನಗೆ ಅನಿಸುವುದಿಲ್ಲ.

ಆದರೆ ಒಂದೆರಡು ನಿಮಿಷ ಕಳೆಯಲಿ. ಕಡಿತ ವಾಪಸ್ ಬರುತ್ತದೆ, ಮೊದಲಿಗಿಂತ ಜಾಸ್ತಿಯಾಗಿ. ಇದು ಯಾಕೆ ಹೀಗೆ ಅಂತ ತಿಳಿದುಕೊಂಡರೆ ಕಣ್ಣಿನ ಅಲರ್ಜಿಯ ಅರ್ಧ ಕಥೆ ತಿಳಿದ ಹಾಗೆ.

ಕಣ್ಣಿನ ಬಿಳಿಭಾಗದ ಮೇಲೆ ಮತ್ತು ರೆಪ್ಪೆಯ ಒಳಮೈಗೆ ಅಂಟಿಕೊಂಡು ಒಂದು ತೆಳುವಾದ ಪದರ ಇದೆ. ನೋಡಿದರೆ ಕಾಣುವುದಿಲ್ಲ, ಅಷ್ಟು ಪಾರದರ್ಶಕ. ಕಂಜಂಕ್ಟೈವಾ ಅಂತ ಹೆಸರು. ಹೊರಗಿನ ಗಾಳಿಗೆ ನೇರವಾಗಿ ತೆರೆದುಕೊಂಡಿರುವ, ಇಷ್ಟು ನಾಜೂಕಾದ ಜಾಗ ಮೈಮೇಲೆ ಬೇರೆ ಕಡೆ ಕಡಿಮೆ. ಈ ಪದರದಲ್ಲಿ ಮಾಸ್ಟ್ ಕೋಶ ಅನ್ನುವ, ಮೈಯನ್ನು ಕಾಯುವ ಕೋಶಗಳು ಲೆಕ್ಕವಿಲ್ಲದಷ್ಟು ಇವೆ. ಪ್ರತಿ ಕೋಶದೊಳಗೂ ಹಿಸ್ಟಮಿನ್ ತುಂಬಿದ ಸಣ್ಣ ಸಣ್ಣ ಚೀಲಗಳು. ನಮ್ಮ ಮೈಗೆ ಯಾವುದೋ ಪರಾಗವೋ ಧೂಳೋ ಒಗ್ಗುವುದಿಲ್ಲ ಅಂದಾಗ, ಅದಕ್ಕಂತಲೇ ಐಜಿಇ ಅನ್ನುವ ಪ್ರತಿಕಾಯವನ್ನು ಮೈ ತಯಾರಿಸುತ್ತದೆ. ಅದು ಹೋಗಿ ಮಾಸ್ಟ್ ಕೋಶದ ಮೇಲೆ ಕೂರುತ್ತದೆ. ಈ ಹಂತದಲ್ಲಿ ನಮಗೆ ಏನೂ ಗೊತ್ತಾಗುವುದಿಲ್ಲ. ಅದೇ ಪರಾಗ ಮತ್ತೆ ಕಣ್ಣಿಗೆ ಬಿದ್ದಾಗ ಐಜಿಇ ಅದನ್ನು ಹಿಡಿಯುತ್ತದೆ, ಕೋಶ ಒಡೆದುಕೊಳ್ಳುತ್ತದೆ, ಹಿಸ್ಟಮಿನ್ ಹೊರಗೆ ಚೆಲ್ಲುತ್ತದೆ. ಕೆಲವೇ ನಿಮಿಷದ ಆಟ. ಹಿಸ್ಟಮಿನ್ ನರಕ್ಕೆ ತಾಗಿದರೆ ಕಡಿತ. ರಕ್ತನಾಳ ಹಿಗ್ಗಿದರೆ ಕೆಂಪು. ನಾಳದಿಂದ ನೀರಿನಂಶ ಸೋರಿದರೆ ಊತ.

"ಮೊದಲೆಲ್ಲ ಏನೂ ಆಗ್ತಿರಲಿಲ್ಲ, ಈಗ ಯಾಕೆ?" ಅಂತ ಕೇಳುವವರಿಗೆ ಉತ್ತರವೂ ಇಲ್ಲೇ ಇದೆ. ಮೈ ಸದ್ದಿಲ್ಲದೆ ತಯಾರಿ ಮಾಡಿಕೊಳ್ಳಲು ತಿಂಗಳು, ವರ್ಷ ಬೇಕಾಗಬಹುದು. ಬೆಂಗಳೂರಿಗೆ ಬಂದು ಎರಡು ಮೂರು ವರ್ಷ ಆದ ಮೇಲೆ ಅಲರ್ಜಿ ಶುರುವಾಯಿತು ಅನ್ನುವವರು ನಮ್ಮ ಆಫೀಸಿನಲ್ಲೇ ಬೇಕಾದಷ್ಟು ಜನ ಇದ್ದಾರೆ. "ಊರಿಗೆ ಹೋದರೆ ಸರಿಹೋಗತ್ತೆ" ಅನ್ನುತ್ತಾರೆ. ಅದೂ ಸುಳ್ಳಲ್ಲ.

ಈಗ ಉಜ್ಜುವುದಕ್ಕೆ ಬರೋಣ. ಮಾಸ್ಟ್ ಕೋಶ ಒಡೆಯಲು ಪರಾಗವೇ ಬೇಕು ಅಂತಿಲ್ಲ. ಬಲವಾಗಿ ಒತ್ತಿ ತಿಕ್ಕಿದರೂ ಒಡೆಯುತ್ತದೆ. ಅಂದರೆ ನಾವು ಉಜ್ಜಿದಷ್ಟೂ ಹೊಸ ಹಿಸ್ಟಮಿನ್. ಬೆರಳಲ್ಲಿದ್ದ ಧೂಳು ಬೇರೆ ಸೇರುತ್ತದೆ. ಈ ಕಾಯಿಲೆಯಲ್ಲಿ ನನಗೆ ಕಂಡ ವಿಚಿತ್ರ ಇದೇ. ತಕ್ಷಣ ಆರಾಮ ಕೊಡುವುದೆಲ್ಲ ಆಮೇಲೆ ತೊಂದರೆ ಕೊಡುತ್ತದೆ. ನಿಜವಾಗಿ ಕೆಲಸ ಮಾಡುವುದು ನಿಧಾನ, ಬೇಜಾರು ಹಿಡಿಸುವಷ್ಟು ನಿಧಾನ. ಈ ಬರಹದಲ್ಲಿ ಇನ್ನೂ ಎರಡು ಮೂರು ಕಡೆ ಇದೇ ಮಾತು ಬರುತ್ತದೆ.

ಈ ಕಾಯಿಲೆಯನ್ನು ಮೊದಲು ಸರಿಯಾಗಿ ಬರೆದವರು ಜಾನ್ ಬೊಸ್ಟಾಕ್ ಅನ್ನುವ ಇಂಗ್ಲೆಂಡಿನ ವೈದ್ಯರು, 1819ರಲ್ಲಿ. ರೋಗಿ ಬೇರೆ ಯಾರೂ ಅಲ್ಲ, ಅವರೇ. ಚಿಕ್ಕಂದಿನಿಂದ ಪ್ರತಿ ಬೇಸಿಗೆಯಲ್ಲೂ ಕಣ್ಣು ಉರಿದು ಕೆಂಪಾಗುತ್ತಿತ್ತು, ಉಸಿರು ಕಟ್ಟುತ್ತಿತ್ತು. ಕಾರಣ ಬಿಸಿಲು ಅಂದುಕೊಂಡಿದ್ದರು. ಪರಾಗ ಅಂತ ತೋರಿಸಿಕೊಟ್ಟದ್ದು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ, 1873ರಲ್ಲಿ. ಅವರಿಗೂ ಅದೇ ಕಾಯಿಲೆ. ಹುಲ್ಲಿನ ಪರಾಗವನ್ನು ತಮ್ಮ ಮೂಗಿಗೆ, ಕಣ್ಣಿಗೆ, ಚರ್ಮಕ್ಕೆ ತಾವೇ ಹಚ್ಚಿಕೊಂಡು ನೋಡಿದರು. ಎತ್ತರದ ಗಾಳಿಯಲ್ಲಿ ಪರಾಗ ಎಷ್ಟಿದೆ ಅಂತ ಗಾಳಿಪಟಕ್ಕೆ ಅಂಟು ಹಚ್ಚಿದ ಗಾಜು ಕಟ್ಟಿ ಹಾರಿಸಿದರು. ಅಲರ್ಜಿ ಅನ್ನುವ ಹೆಸರು ಬಂದದ್ದು 1906ರಲ್ಲಿ, ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅವರಿಂದ. ಐಜಿಇ ಸಿಕ್ಕಿದ್ದು 1960ರ ದಶಕದಲ್ಲಿ. ಕಣ್ಣು ಕಡಿಯುವವರೇ ಕಾರಣ ಹುಡುಕುತ್ತಾ ಹೋದ ಚರಿತ್ರೆ ಇದು. ನನಗಂತೂ ಇವರೆಲ್ಲ ನೆಂಟರ ಹಾಗೆ ಅನಿಸುತ್ತಾರೆ.

ಬೆಂಗಳೂರಿನಲ್ಲಿ ಬೈಗುಳ ತಿನ್ನುವುದು ಹೂಮರಗಳು. ಫೆಬ್ರವರಿ ಬಂತು, ಗುಲಾಬಿ ತಬೂಬಿಯಾ ಅರಳಿತು, ಜನ ಫೋಟೋ ತೆಗೆದರು. ಜೊತೆಗೇ ಸೀನು, ಕಣ್ಣಲ್ಲಿ ನೀರು. "ಈ ಹೂವಿನಿಂದಲೇ" ಅಂತ ತೀರ್ಮಾನ ಆಗಿಬಿಡುತ್ತದೆ. ಪಾಪ ಅನಿಸುತ್ತದೆ ನನಗೆ. ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗೆಲ್ ಅವರ ಕಾಲದಿಂದ ಒಂದಾದ ಮೇಲೊಂದು ಹೂಬಿಡುವ ಹಾಗೆ ಬೆಳೆಸಿದ ಮರಗಳಿರುವ ಊರು ಇದು. ತಬೂಬಿಯಾ, ಜಕರಾಂಡ, ಗುಲ್‌ಮೊಹರ್, ಹೀಗೆ ಕಣ್ಣಿಗೆ ಹೊಡೆಯುವ ಬಣ್ಣ ಇರುವ ಹೂಗಳು ಜೇನು, ಚಿಟ್ಟೆ, ಹಕ್ಕಿಗಳನ್ನು ಕರೆಯಲೆಂದೇ ಬಣ್ಣ ಹಚ್ಚಿಕೊಂಡಿರುತ್ತವೆ. ಅವುಗಳ ಪರಾಗ ಭಾರ, ಅಂಟು. ಗಾಳಿಯಲ್ಲಿ ಅಷ್ಟಾಗಿ ದೂರ ಹಾರುವುದಿಲ್ಲ. ಬೂರುಗದ ಮರದಿಂದ ಹಾರಿ ಬರುವ ಹತ್ತಿಯಂಥದ್ದೂ ಪರಾಗ ಅಲ್ಲ, ಅದು ಬೀಜದ ಜೊತೆ ಬರುವ ನಾರು.

ತೊಂದರೆ ಕೊಡುವುದು ಗಾಳಿಯನ್ನೇ ನಂಬಿದ ಗಿಡಗಳು. ಅವಕ್ಕೆ ಚಂದದ ಹೂ ಬೇಕಿಲ್ಲ, ಆದ್ದರಿಂದ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ನಾನಾ ಬಗೆಯ ಹುಲ್ಲು. ಕೀರೆ, ದಂಟಿನ ಜಾತಿಯ ಕಳೆಗಳು. ಸರ್ವೆ ಮರ. ಹರಳು ಗಿಡ. ತಪಸಿ ಮರ ಅಂತ ಒಂದಿದೆ, ಬೇಸಿಗೆ ಶುರುವಿನಲ್ಲಿ ಎಲೆ ಉದುರಿಸಿ ಹಸಿರು ಮಿಶ್ರಿತ ಸಣ್ಣ ಹೂ ಬಿಡುತ್ತದೆ. ಅದು ಹೂವು ಅಂತಲೇ ಯಾರಿಗೂ ಅನಿಸುವುದಿಲ್ಲ. ಭಾರತದಲ್ಲಿ ಪರಾಗದ ಅಲರ್ಜಿಗೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಅದು ಹೂಬಿಡುವುದೂ ತಬೂಬಿಯಾ ಅರಳುವ ಹೊತ್ತಿಗೇ. ಒಂದು ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ಬೈಗುಳ ಕಾಣುವುದಕ್ಕೆ.

ಇನ್ನು ಪಾರ್ಥೇನಿಯಂ. ನಮ್ಮ ಕಾಂಗ್ರೆಸ್ ಗಿಡ. ಪುಣೆಯಲ್ಲಿ 1950ರ ದಶಕದ ನಡುವೆ ಮೊದಲು ಕಣ್ಣಿಗೆ ಬಿತ್ತು. ಅಮೆರಿಕದಿಂದ ಬಂದ ಗೋಧಿಯ ಜೊತೆ ಬಂತು ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಬೆಂಗಳೂರಿನ ಯಾವ ಖಾಲಿ ಸೈಟಿಗೆ ಹೋದರೂ ಇದೆ. ರೈಲು ಹಳಿಯ ಪಕ್ಕ ಇದೆ, ಕೆರೆ ಏರಿಯ ಮೇಲೆ ಇದೆ, ಅಪಾರ್ಟ್‌ಮೆಂಟ್ ಕಾಂಪೌಂಡಿಗೆ ಒರಗಿಕೊಂಡು ಇದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮೈಗೆ ತಾಗಿದರೆ ಚರ್ಮ ಕೆರೆಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಪರಾಗ ಮೂಗು ಕಣ್ಣಿಗೂ ಹೋಗುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಈ ಪರಾಗದಿಂದ ಮೂಗಿನ ಅಲರ್ಜಿ ಬರುತ್ತದೆ ಅನ್ನುವುದನ್ನು 1990ರ ಹೊತ್ತಿಗೆ ಬೆಂಗಳೂರಿನ ಸಂಶೋಧಕರೇ ಇಲ್ಲಿನ ಜನರನ್ನು ಪರೀಕ್ಷಿಸಿ ತೋರಿಸಿದರು.

ಇದನ್ನು ತಿನ್ನಲು ಮೆಕ್ಸಿಕೊದಿಂದ ಒಂದು ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು. ಕೆನೆ ಬಣ್ಣದ ಬೆನ್ನಿನ ಮೇಲೆ ಕಪ್ಪು ಗೆರೆಗಳಿರುವ ಪುಟ್ಟ ದುಂಬಿ. ಮಳೆಗಾಲದಲ್ಲಿ ಗಿಡದ ಎಲೆಗಳು ಜರಡಿಯಾಗಿದ್ದರೆ ಇದರದ್ದೇ ಕೆಲಸ. ಬೇಸಿಗೆ ಬಂದಾಗ ಇದು ಮಣ್ಣಿನೊಳಗೆ ಹೋಗಿ ಮಲಗುತ್ತದೆ. ಗಿಡ ಮಲಗುವುದಿಲ್ಲ. ಹೂ ಬಿಡುವ ಮುಂಚೆ ಬೇರು ಸಮೇತ ಕೀಳುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕೀಳುವವರಿಗೆ ಕೈಗವಸು, ಮಾಸ್ಕ್, ಕನ್ನಡಕ ಬೇಕು. ನಮ್ಮ ಬೀದಿಯಲ್ಲಿ ಕೀಳುವವರು ಬರಿಗೈಯಲ್ಲಿ ಕೀಳುತ್ತಾರೆ. ಅದನ್ನು ನೋಡಿದಾಗ ನನ್ನ ಕಣ್ಣಿನ ಕಡಿತದ ಬಗ್ಗೆ ಮಾತಾಡಲು ಸಂಕೋಚ ಆಗುತ್ತದೆ.

ಆದರೆ ವರ್ಷ ಪೂರ್ತಿ ಕಣ್ಣು ಕಡಿಯುವವರು, ಅದರಲ್ಲೂ ಬೆಳಗ್ಗೆ ಏಳುವಾಗಲೇ ರೆಪ್ಪೆ ಊದಿಕೊಂಡಿರುವವರು ಹೊರಗೆ ಹುಡುಕಬೇಕಾಗಿಲ್ಲ. ಆರೋಪಿ ದಿಂಬಿನಲ್ಲೇ ಇದ್ದಾನೆ. ಡಸ್ಟ್ ಮೈಟ್ ಅಂತ ಕರೆಯುವ ಧೂಳುಹುಳ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದೊಡ್ಡದು, ಎಂಟು ಕಾಲು, ಜೇಡದ ದೂರದ ಸಂಬಂಧಿ. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹುಡಿಯನ್ನು ತಿಂದುಕೊಂಡು ಹಾಸಿಗೆ, ದಿಂಬು, ಸೋಫಾದಲ್ಲಿ ಸಂಸಾರ ಮಾಡುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಹಾಸಿಗೆ ಕೊಡವಿದಾಗ ಅದು ಗಾಳಿಗೆ ಏಳುತ್ತದೆ.

ಈ ಹುಳಕ್ಕೆ ನೀರು ಕುಡಿಯುವ ಅಭ್ಯಾಸ ಇಲ್ಲ. ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಒಣಗಿ ಸಾಯುತ್ತದೆ. ಬೆಂಗಳೂರಿನ ಹವೆ ಹೊಗಳುವಾಗ ಒಂದು ಮಾತು ಸೇರಿಸಬೇಕು. ಜೂನಿನಿಂದ ಡಿಸೆಂಬರಿನವರೆಗಿನ ಈ ತಂಪು, ಈ ತೇವ, ನಮಗೆಷ್ಟು ಹಿತವೋ ಧೂಳುಹುಳಕ್ಕೂ ಅಷ್ಟೇ ಹಿತ.

ನಮ್ಮ ಅಮ್ಮ ಬಿಸಿಲು ಬಂದರೆ ಸಾಕು, ಹಾಸಿಗೆ, ದಿಂಬು, ಕೌದಿ ಎಲ್ಲ ಮಹಡಿಗೆ ಸಾಗಿಸುತ್ತಿದ್ದರು. ಅದು ಮಡಿ ಮೈಲಿಗೆಯ ವಿಷಯ ಅಂದುಕೊಂಡಿದ್ದೆವು. ಹುಳವನ್ನು ಒಣಗಿಸಲು ಅದು ಒಳ್ಳೆಯ ಉಪಾಯ. ಈಗ ಅಪಾರ್ಟ್‌ಮೆಂಟಿನಲ್ಲಿ ಟೆರೇಸಿಗೆ ಬೀಗ. ಬಾಲ್ಕನಿಯಲ್ಲಿ ಹಾಸಿಗೆ ಹಾಕಿದರೆ ಅಸೋಸಿಯೇಶನ್‌ನವರಿಂದ ವಾಟ್ಸಾಪ್ ಮೆಸೇಜು. ಇನ್ನು ಬಾಲ್ಕನಿಯ ಪಾರಿವಾಳಗಳ ಕಥೆ ಬೇರೆಯೇ. ಅವುಗಳ ಪುಕ್ಕ, ಹಿಕ್ಕೆ ಕೂಡ ಕೆಲವರಿಗೆ ಅಲರ್ಜಿ. ಜೊತೆಗೆ ಜಿರಳೆ, ಬೆಕ್ಕಿನ ಜೊಲ್ಲು, ಮಳೆಗಾಲದಲ್ಲಿ ಬೀರು ಹಿಂದಿನ ಗೋಡೆಗೆ ಹಿಡಿಯುವ ಬೂಷ್ಟು. ಮನೆಯೊಳಗಿನ ಪಟ್ಟಿ ಹೊರಗಿನದಕ್ಕಿಂತ ಚಿಕ್ಕದೇನಲ್ಲ.

ರಸ್ತೆ ಧೂಳು? ಮೆಟ್ರೋ ಕಾಮಗಾರಿ, ಕಟ್ಟಡದ ಸಿಮೆಂಟು? ಅದು ಕಣ್ಣಿಗೆ ಕಿರಿಕಿರಿ ಮಾಡುತ್ತದೆ, ನೀರು ಬರಿಸುತ್ತದೆ. ಆದರೆ ಮರಳಿನ ಕಣಕ್ಕೆ ಐಜಿಇ ಹುಟ್ಟುವುದಿಲ್ಲ. ಡೀಸೆಲ್ ಹೊಗೆಯ ವಿಷಯ ಬೇರೆ. ಪರಾಗದ ಜೊತೆ ಈ ಹೊಗೆಯ ಕಣಗಳೂ ಸೇರಿದರೆ ಅಲರ್ಜಿಯ ಪ್ರತಿಕ್ರಿಯೆ ಜೋರಾಗುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಇಪ್ಪತ್ತು ವರ್ಷ ಗಮನಿಸಿದ್ದರು. ಅಸ್ತಮಾ ಇದ್ದವರು 1979ರಲ್ಲಿ ಶೇಕಡಾ 9, 1999ರಲ್ಲಿ ಶೇಕಡಾ 29.5. ಅದು ಕಣ್ಣಿನ ಲೆಕ್ಕ ಅಲ್ಲ, ಶ್ವಾಸಕೋಶದ್ದು. ಆದರೆ ಅಸ್ತಮಾ, ಸೀನು, ಕಣ್ಣು ಕಡಿತ ಬಹಳ ಸಲ ಒಂದೇ ಮನೆಯಲ್ಲಿ, ಒಂದೇ ಮೈಯಲ್ಲಿ ಇರುತ್ತವೆ.

ಕಣ್ಣು ಕೆಂಪಗಿದ್ದರೆ ಆಫೀಸಿನಲ್ಲಿ ಎಲ್ಲರೂ ಕುರ್ಚಿ ಹಿಂದೆ ಸರಿಸುತ್ತಾರೆ. "ಮದ್ರಾಸ್ ಐ ಅಲ್ವಾ?" ಅಲ್ಲ. ಮದ್ರಾಸ್ ಐ ವೈರಸ್ಸಿನಿಂದ ಬರುವುದು, ಹೆಚ್ಚಾಗಿ ಅಡಿನೊವೈರಸ್. ಸಾಮಾನ್ಯವಾಗಿ ಒಂದು ಕಣ್ಣಲ್ಲಿ ಶುರುವಾಗಿ ಇನ್ನೊಂದಕ್ಕೆ ಹಬ್ಬುತ್ತದೆ. ಮರಳು ಹೊಕ್ಕ ಹಾಗೆ ಚುಚ್ಚುತ್ತದೆ. ಬೆಳಗ್ಗೆ ಪಿಸುರು ಕಟ್ಟಿ ರೆಪ್ಪೆ ಅಂಟಿರುತ್ತದೆ. ಅಲರ್ಜಿ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಒಟ್ಟಿಗೆ ಬರುತ್ತದೆ. ನೀರು ತಿಳಿಯಾಗಿರುತ್ತದೆ, ಇಲ್ಲ ನೂಲಿನ ಹಾಗೆ ಎಳೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಕಡಿತ. ಕಡಿತ ಇಲ್ಲದಿದ್ದರೆ ಅದು ಅಲರ್ಜಿ ಹೌದೋ ಅಲ್ಲವೋ ಅಂತ ಡಾಕ್ಟರುಗಳು ಮತ್ತೊಮ್ಮೆ ಯೋಚಿಸುತ್ತಾರೆ. ಅಲರ್ಜಿ ಯಾರಿಗೂ ಅಂಟುವುದಿಲ್ಲ. ಮದ್ರಾಸ್ ಐ ಕೂಡ ಬರೀ ನೋಡಿದರೆ ಅಂಟುವುದಿಲ್ಲ, ಕೈ, ಟವೆಲ್, ದಿಂಬಿನ ಮೂಲಕ ಅಂಟುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಕಪ್ಪು ಕನ್ನಡಕ ಹಾಕಿಕೋ ಅನ್ನುವವರು ಇದ್ದೇ ಇರುತ್ತಾರೆ.

ಈಗ ಡ್ರಾಪ್ಸ್ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ನಮ್ಮ ಅಕ್ಕನ ಮಗನಿಗೆ ಆರೇಳು ವರ್ಷ ಇದ್ದಾಗ ಶುರುವಾಯಿತು. ಬೇಸಿಗೆ ಬಂದರೆ ಕಣ್ಣು ಉಜ್ಜುತ್ತಲೇ ಇರುತ್ತಿದ್ದ. ಬಿಸಿಲಿಗೆ ಬಂದರೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಕಣ್ಣಿನ ಬಿಳಿಭಾಗ ಮಣ್ಣು ಬಣ್ಣಕ್ಕೆ ತಿರುಗಿತ್ತು. ಹತ್ತಿರದ ಮೆಡಿಕಲ್ಸ್‌ನಲ್ಲಿ ಒಂದು ಡ್ರಾಪ್ಸ್ ಕೊಟ್ಟರು. ಅದ್ಭುತ. ಎರಡೇ ದಿನಕ್ಕೆ ಕಣ್ಣು ಬೆಳ್ಳಗೆ. ನಿಲ್ಲಿಸಿದರೆ ಮತ್ತೆ ಕೆಂಪು. ಮತ್ತೆ ಅದೇ ಡ್ರಾಪ್ಸ್. ಅಂಗಡಿಯವರು ಚೀಟಿ ಕೇಳಲಿಲ್ಲ. ಹೀಗೇ ಒಂದು ಬೇಸಿಗೆ ಕಳೆದ ಮೇಲೆ ಸ್ಕೂಲಿನ ತಪಾಸಣೆಯಲ್ಲಿ ಯಾರೋ ಕಣ್ಣಿನ ಡಾಕ್ಟರಿಗೆ ತೋರಿಸಿ ಅಂದರು.

ಡಾಕ್ಟರಮ್ಮ ಮೊದಲು ಕೇಳಿದ್ದು ಕಣ್ಣಿನ ಬಗ್ಗೆ ಅಲ್ಲ. "ಯಾವ ಡ್ರಾಪ್ಸ್ ಹಾಕ್ತಿದ್ರಿ? ಬಾಟಲಿ ತಂದಿದ್ದೀರಾ?" ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಆ್ಯಂಟಿಬಯಾಟಿಕ್ ಜೊತೆ ಡೆಕ್ಸಾಮೆಥಾಸೋನ್. ಸ್ಟೆರಾಯ್ಡ್.

ಸ್ಟೆರಾಯ್ಡ್ ಕೆಟ್ಟದ್ದು ಅಂತಲ್ಲ. ಕಾಯಿಲೆ ಜೋರಿದ್ದಾಗ ಡಾಕ್ಟರೇ ಕೊಡುತ್ತಾರೆ. ಕೆಲವು ದಿನ, ಪ್ರಮಾಣ ಇಳಿಸುತ್ತಾ, ಕಣ್ಣಿನ ಒತ್ತಡ ಅಳೆಯುತ್ತಾ. ಆದರೆ ಲಂಗುಲಗಾಮಿಲ್ಲದೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ವಾರಗಟ್ಟಲೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ಏರುತ್ತದೆ, ಕೆಲವರಿಗೆ ತುಂಬಾ ಏರುತ್ತದೆ. ಅದು ಗ್ಲಾಕೋಮಾ ಆಗಿ ಕಣ್ಣಿನ ನರವನ್ನು ತಿನ್ನುತ್ತದೆ. ನೋವಿಲ್ಲ, ಕೆಂಪಿಲ್ಲ. ಕಣ್ಣು ಬೆಳ್ಳಗೆ ಚೆಂದವಾಗಿ ಕಾಣುತ್ತಿರುವಾಗಲೇ ನೋಟ ಅಂಚಿನಿಂದ ಹೋಗುತ್ತದೆ. ಹೋದ ನೋಟ ವಾಪಸ್ ಬರುವುದಿಲ್ಲ. ಚಿಕ್ಕ ವಯಸ್ಸಿಗೇ ಕಣ್ಣಿನ ಪೊರೆ ಬರುವುದೂ ಉಂಟು. 1896ರಲ್ಲೇ ಶುರುವಾದ ಮಿಂಟೋ ಕಣ್ಣಾಸ್ಪತ್ರೆ ಇರುವ ಊರು ಇದು. ಇಲ್ಲಿ ಕಣ್ಣನ್ನು ಮೆಡಿಕಲ್ಸ್ ಕೌಂಟರಿನಲ್ಲಿ ತೋರಿಸಿಕೊಳ್ಳುವುದು ಯಾಕೆ ಅಂತ ನನಗೆ ಸಿಟ್ಟು ಬರುತ್ತದೆ. ಬಿಡಿ, ಯಾಕೆ ಅಂತಲೂ ಗೊತ್ತು. ಒಂದು ದಿನದ ರಜೆ, ಕ್ಯೂ, ಟ್ರಾಫಿಕ್ಕು. ಡ್ರಾಪ್ಸ್ ಆದರೆ ಐದು ನಿಮಿಷದ ಕೆಲಸ.

ಪುಣ್ಯಕ್ಕೆ ಹುಡುಗನ ಕಣ್ಣಿನ ಒತ್ತಡ ಸ್ವಲ್ಪ ಮಾತ್ರ ಏರಿತ್ತು. ಡ್ರಾಪ್ಸ್ ಬಿಡಿಸಿದ ಮೇಲೆ ಇಳಿಯಿತು. ಅವನಿಗೆ ಇದ್ದದ್ದು ಕಣ್ಣಿನ ಅಲರ್ಜಿಯಲ್ಲಿ ವರ್ನಲ್ ಅನ್ನುವ ಬಗೆ. ಬಿಸಿ, ಒಣ ಹವೆಯ ಊರುಗಳಲ್ಲಿ ಜಾಸ್ತಿ, ಹುಡುಗರಲ್ಲಿ ಇನ್ನೂ ಜಾಸ್ತಿ. ಡಾಕ್ಟರಮ್ಮ ಮೇಲಿನ ರೆಪ್ಪೆ ಮಗುಚಿ ತೋರಿಸಿದಾಗ ಒಳಗೆ ಬೆಂದ ಸಬ್ಬಕ್ಕಿ ಹರಡಿದ ಹಾಗೆ ಗುಳ್ಳೆಗಳು. ಪ್ರತಿ ಸಲ ರೆಪ್ಪೆ ಬಡಿದಾಗಲೂ ಅವು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಭಾಗವನ್ನು, ಉಜ್ಜುತ್ತವೆ. ವಿಪರೀತವಾದರೆ ಅಲ್ಲಿ ಹುಣ್ಣಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಪ್ರಾಯಕ್ಕೆ ಬರುವ ಹೊತ್ತಿಗೆ ತಾನಾಗಿ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಕಣ್ಣು ಕೆಡದ ಹಾಗೆ ಕಾಯುವುದೇ ಚಿಕಿತ್ಸೆ. ಸ್ಟೆರಾಯ್ಡ್ ತಪ್ಪಿಸಲು ಸೈಕ್ಲೋಸ್ಪೊರಿನ್ ಡ್ರಾಪ್ಸ್, ಟ್ಯಾಕ್ರೊಲಿಮಸ್ ಮುಲಾಮು ಇವೆ. ಅವೂ ನಿಧಾನವೇ.

ಉಜ್ಜುವುದರ ಇನ್ನೊಂದು ಕೆಡುಕನ್ನು ನಾನು ಕೇಳಿದ್ದೂ ಅಲ್ಲೇ. ವರ್ಷಗಟ್ಟಲೆ ಗಟ್ಟಿಯಾಗಿ ಉಜ್ಜಿದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗಬಹುದು. ಕೆರಟೊಕೋನಸ್. ಕನ್ನಡಕದ ಸಿಲಿಂಡರ್ ನಂಬರು ಮೇಲಿಂದ ಮೇಲೆ ಬದಲಾಗುತ್ತಿದ್ದರೆ ಅನುಮಾನ ಪಡಬೇಕು. ಮೊದಲೇ ಕಂಡರೆ ಬಿ ವಿಟಮಿನ್ನಿನ ಹನಿ ಮತ್ತು ಅತಿನೇರಳೆ ಬೆಳಕಿನಿಂದ ಕಾರ್ನಿಯಾ ಗಟ್ಟಿ ಮಾಡುವ ಚಿಕಿತ್ಸೆ ಇದೆ. ಅದು ಮುಂದೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ.

ಅಂಗಡಿಯಲ್ಲಿ ಸಿಗುವ ಇನ್ನೊಂದು ಬಗೆ ಕೆಂಪು ತೆಗೆಯುವ ಡ್ರಾಪ್ಸ್. ನ್ಯಾಫಜೊಲಿನ್ ಇರುವಂಥವು. ರಕ್ತನಾಳಗಳನ್ನು ಸಂಕುಚಿಸಿ ಕಣ್ಣನ್ನು ಬೆಳ್ಳಗೆ ಮಾಡುತ್ತವೆ. ಮದುವೆ ಫೋಟೋಗೆ ಸರಿ. ದಿನಾ ಹಾಕಿದರೆ, ಔಷಧದ ಬಲ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಜಾಸ್ತಿ ಹಿಗ್ಗುತ್ತವೆ. ಆಮೇಲೆ ಕೆಂಪು ಅಲರ್ಜಿಯದ್ದೋ ಡ್ರಾಪ್ಸಿನದ್ದೋ ಗೊತ್ತಾಗುವುದಿಲ್ಲ.

ಹಾಗಾದರೆ ಯಾವುದು ಒಳ್ಳೆಯದು? ಒಲೊಪಾಟಡಿನ್, ಕೀಟೊಟಿಫೆನ್ ಮುಂತಾದವು ಹಿಸ್ಟಮಿನ್ನನ್ನೂ ತಡೆಯುತ್ತವೆ, ಮಾಸ್ಟ್ ಕೋಶ ಒಡೆಯದ ಹಾಗೂ ನೋಡಿಕೊಳ್ಳುತ್ತವೆ. ಈಗ ಡಾಕ್ಟರುಗಳು ಸಾಮಾನ್ಯವಾಗಿ ಮೊದಲು ಬರೆಯುವುದು ಇವನ್ನೇ. ಇವು ಬೇಗ ಕೆಲಸ ಮಾಡುತ್ತವೆ, ನನ್ನ ನಿಯಮಕ್ಕೆ ಇದೊಂದು ಅಪವಾದ ಅಂತ ಇಟ್ಟುಕೊಳ್ಳಿ. ಸೋಡಿಯಂ ಕ್ರೋಮೋಗ್ಲೈಕೇಟ್ ಅನ್ನುವುದು ಹಳೆಯದು, ಅಗ್ಗದ್ದು. ಅದರ ಕಥೆ ನನಗೆ ಇಷ್ಟ. ರೋಜರ್ ಅಲ್ಟೂನ್ಯನ್ ಅನ್ನುವ ಬ್ರಿಟನ್ನಿನ ವೈದ್ಯರಿಗೆ ಅಸ್ತಮಾ ಇತ್ತು. ಮೆಡಿಟರೇನಿಯನ್ ಕಡೆಯ ಖೆಲ್ಲಾ ಅನ್ನುವ ಮೂಲಿಕೆಯ ಅಂಶದಿಂದ ಶುರುಮಾಡಿ ತಯಾರಿಸಿದ ನೂರಾರು ರಾಸಾಯನಿಕಗಳನ್ನು ವರ್ಷಗಟ್ಟಲೆ ತಮ್ಮ ಮೇಲೇ ಪ್ರಯೋಗಿಸಿದರು. ಬೇಕೆಂದೇ ಅಸ್ತಮಾ ಬರಿಸಿಕೊಳ್ಳುವುದು, ಔಷಧ ತಡೆಯುತ್ತದಾ ಅಂತ ನೋಡುವುದು. 1965ರಲ್ಲಿ ಇದು ಸಿಕ್ಕಿತು. ಒಮ್ಮೆ ಒಡೆದ ಕೋಶಕ್ಕೆ ಇದು ಏನೂ ಮಾಡುವುದಿಲ್ಲ. ಒಡೆಯದ ಹಾಗೆ ಮೊದಲೇ ತಡೆಯುತ್ತದೆ. ಅದಕ್ಕೆ ದಿನಾ ಹಾಕುತ್ತಾ ಒಂದೆರಡು ವಾರ ಕಾಯಬೇಕು. ಎರಡು ದಿನ ಹಾಕಿ "ಇದು ಪ್ರಯೋಜನ ಇಲ್ಲ" ಅಂತ ಎಸೆಯುವವರೇ ಜಾಸ್ತಿ.

ಹನಿ ಹಾಕುವುದೂ ಒಂದು ಕಲೆ. ಕೆಳರೆಪ್ಪೆ ಎಳೆದು, ಬಾಟಲಿ ತುದಿ ತಾಗದ ಹಾಗೆ ಒಂದೇ ಹನಿ. ಕಣ್ಣಿನಲ್ಲಿ ಒಂದು ಹನಿಗಿಂತ ಹೆಚ್ಚು ಹಿಡಿಯುವುದೇ ಇಲ್ಲ, ಎರಡನೆಯದು ಕೆನ್ನೆಗೆ. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದಿಲ್ಲ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ತೆರೆದ ಬಾಟಲಿಗೆ ಸಾಮಾನ್ಯವಾಗಿ ಒಂದು ತಿಂಗಳ ಆಯುಸ್ಸು. ಬಾಟಲಿಯ ಮೇಲೆ ಫ್ರಿಜ್ ಬೇಡ ಅಂತ ಬರೆದಿಲ್ಲದಿದ್ದರೆ ಫ್ರಿಜ್ಜಿನಲ್ಲಿಡಿ, ತಣ್ಣನೆಯ ಹನಿ ಬಿದ್ದ ಕೂಡಲೇ ಕಡಿತ ಅರ್ಧ ಇಳಿಯುತ್ತದೆ. ಕಣ್ಣಿಗೆ ಬರೀ ಕೃತಕ ಕಣ್ಣೀರು ಹಾಕಿದರೂ ಪರಾಗ ತೊಳೆದುಹೋಗುತ್ತದೆ. ಸೆಟಿರಿಜಿನ್ ಮಾತ್ರೆ ಸೀನಿಗೆ ಒಳ್ಳೆಯದೇ, ಆದರೆ ಕೆಲವರಿಗೆ ಕಣ್ಣು ಒಣಗಿಸುತ್ತದೆ. ಒಣಗಿದ ಕಣ್ಣು ಇನ್ನೂ ಉರಿಯುತ್ತದೆ.

ಅಮ್ಮನ ಔಷಧ ನಂದಿಬಟ್ಟಲು. ಹೂವನ್ನು ನೀರಲ್ಲಿ ಹಾಕಿಟ್ಟು, ಮುಚ್ಚಿದ ರೆಪ್ಪೆಯ ಮೇಲೆ ಇಡುವುದು. ನನ್ನ ಲೆಕ್ಕದಲ್ಲಿ ಅಲ್ಲಿ ಕೆಲಸ ಮಾಡುವುದು ತಂಪು. ತಣ್ಣನೆಯ ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟರೂ ಅದೇ ಹಿತ, ಡಾಕ್ಟರುಗಳೂ ಅದನ್ನೇ ಹೇಳುತ್ತಾರೆ. ರೆಪ್ಪೆಯ ಮೇಲೆ ಇಡುವವರೆಗೆ ನನ್ನ ತಕರಾರಿಲ್ಲ. ಕಣ್ಣಿನೊಳಗೆ ಜೇನು, ಹರಳೆಣ್ಣೆ, ಎದೆಹಾಲು, ರೋಸ್ ವಾಟರ್ ಅಂದರೆ ಮಾತ್ರ ಕೈಮುಗಿಯುತ್ತೇನೆ. ಒಂದೂ ಕ್ರಿಮಿರಹಿತ ಅಲ್ಲ. ದೇವರ ಮನೆಯ ಊದುಬತ್ತಿ, ಸಾಂಬ್ರಾಣಿ ಹೊಗೆಯ ಮಾತು ಎತ್ತಿದರೆ ಅಮ್ಮ ಮುಖ ತಿರುಗಿಸುತ್ತಾರೆ. ಈಗ ನಾನು ಪೂಜೆಯ ಹೊತ್ತಿಗೆ ಹಾಲು ತರಲು ಹೋಗುತ್ತೇನೆ.

ಉಳಿದದ್ದೆಲ್ಲ ಬೇಜಾರಿನ ಕೆಲಸಗಳು. ದಿಂಬಿನ ಕವರು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಬೇಕು, 60 ಡಿಗ್ರಿ ಹತ್ತಿರ ಇದ್ದರೆ ಹುಳ ಸಾಯುತ್ತದೆ. ಒಗೆಯಲಾಗದ ಮಕ್ಕಳ ಬೊಂಬೆಯನ್ನು ಒಂದು ದಿನ ಫ್ರೀಜರಿನಲ್ಲಿಟ್ಟರೂ ಸಾಯುತ್ತದೆ. ಒಣ ಪೊರಕೆಯ ಬದಲು ಒದ್ದೆ ಬಟ್ಟೆ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಗಾಡಿ ಓಡಿಸುವುದು. ಹೊರಗಿನಿಂದ ಬಂದ ಕೂಡಲೇ ಮುಖ, ರೆಪ್ಪೆ ತೊಳೆಯುವುದು. ತಲೆಗೂದಲಿನ ಪರಾಗ ದಿಂಬಿಗೆ ಇಳಿಯುತ್ತದೆ, ಆದ್ದರಿಂದ ಮಲಗುವ ಮುಂಚೆ ಸ್ನಾನ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕಡಿತ ಇರುವಷ್ಟು ದಿನ ಕನ್ನಡಕಕ್ಕೆ ಬರಬೇಕು. ಲೆನ್ಸ್ ಮೇಲೆ ಪರಾಗ ಅಂಟಿ ಕೂರುತ್ತದೆ, ಲೆನ್ಸಿನಿಂದಲೇ ರೆಪ್ಪೆಯೊಳಗೆ ಗುಳ್ಳೆ ಏಳುವುದೂ ಉಂಟು.

ನೋವು, ಬೆಳಕು ನೋಡಲಾಗದಿರುವುದು, ನೋಟ ಮಂಜಾಗುವುದು, ಒಂದೇ ಕಣ್ಣು ಕೆಂಪಾಗುವುದು, ದಪ್ಪ ಪಿಸುರು. ಇವುಗಳಲ್ಲಿ ಯಾವುದಿದ್ದರೂ ಅಲರ್ಜಿ ಅಂತ ನೀವೇ ತೀರ್ಮಾನ ಮಾಡಿಕೊಂಡು ಕೂರಬೇಡಿ. ಅದೇ ದಿನ ತೋರಿಸಿ. ಯಾವುದಕ್ಕೆ ಅಲರ್ಜಿ ಅಂತ ತಿಳಿಯಲು ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇದೆ. ಅದೇ ವಸ್ತುವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾ ಮೈಗೆ ಅಭ್ಯಾಸ ಮಾಡಿಸುವ ಚಿಕಿತ್ಸೆಯೂ ಇದೆ. ಅದಕ್ಕೆ ಮೂರರಿಂದ ಐದು ವರ್ಷ ಬೇಕು. ಎಲ್ಲರಿಗೂ ಬೇಕಾಗಿಲ್ಲ, ತಾಳ್ಮೆ ಇರುವವರೂ ಕಡಿಮೆ.

ಅಕ್ಕನ ಮಗ ಈಗ ಹೈಸ್ಕೂಲು. ಬೇಸಿಗೆಯ ಕಾಟ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಕ್ರಿಕೆಟ್ಟಿಗೆ ಹೋಗುವಾಗ ಟೋಪಿ, ಕನ್ನಡಕ ಹಾಕಿಕೊಳ್ಳುತ್ತಾನೆ, ಅದು ಸ್ಟೈಲಿಗೆ ಅಂತ ಅವನ ವಾದ. ಡಾಕ್ಟರಮ್ಮ ಹೇಳಿದ್ದು ಸುಲಭ. ಕಡಿತ ಶುರುವಾದ ಮೇಲೆ ಬರಬೇಡಿ, ಮುಂಚೆ ಬನ್ನಿ. ಸಂಕ್ರಾಂತಿ ಕಳೆದ ಕೂಡಲೇ ಒಮ್ಮೆ ತೋರಿಸಿ, ಜನವರಿ ಮುಗಿಯುವುದರೊಳಗೆ ಡ್ರಾಪ್ಸ್ ಶುರುಮಾಡಿ. ಮೊದಲೆರಡು ವಾರ ಏನೂ ಆದ ಹಾಗೆ ಅನಿಸುವುದಿಲ್ಲ, ಆದರೂ ಹಾಕ್ತಾ ಇರಿ. ಅಕ್ಕ ಈಗ ಕ್ಯಾಲೆಂಡರಿನಲ್ಲಿ ಎಳ್ಳು ಬೀರುವ ದಿನದ ಪಕ್ಕದಲ್ಲೇ ಅದನ್ನೂ ಗುರುತು ಹಾಕಿಕೊಳ್ಳುತ್ತಾಳೆ.